ದುಡಿಯೋ ಗಂಡ್ಸು ಕಣಮ್ಮ ಅವ್ನು

ಗಂಡಸರಿಗೆ ಆರೋಗ್ಯದ ಮೇಲೆ ಅಸಡ್ಡೆ ಅನ್ನುವುದು ಶುದ್ಧ ಅಪಪ್ರಚಾರ. ಎದೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್ಕು ಅಂತ ಸೋಡಾ ಕುಡಿದು ಮಲಗುವವನು, ವ್ಯಾಸೆಕ್ಟಮಿ ಅಂದೊಡನೆ ಎದ್ದು ಕೂತು ವೈದ್ಯಶಾಸ್ತ್ರ ಶುರು ಮಾಡುತ್ತಾನೆ. ನರ ಸೆಳೆಯುತ್ತದಂತೆ, ಸೊಂಟ ಬಿದ್ದುಹೋಗುತ್ತದಂತೆ, ನಿಶ್ಶಕ್ತಿ ಬಂದು ಭಾರ ಎತ್ತಲಾಗುವುದಿಲ್ಲವಂತೆ. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಒಳಗಿಡುವವಳು ಹೆಂಡತಿ. ಇವನು ಎತ್ತಬೇಕಾದ ಆ ಭಾರ ಯಾವುದೋ!

ಜಾಗ ಮರಗಟ್ಟಿಸಿ, ವೀರ್ಯಾಣು ಸಾಗುವ ಎರಡು ನಾಳ ತುಂಡರಿಸಿದರೆ ಕೆಲಸ ಮುಗಿಯಿತು. ಈಗಿನ ವಿಧಾನದಲ್ಲಿ ಹೊಲಿಗೆಯೂ ಬೇಡ, ಅರ್ಧ ಗಂಟೆ ಸಾಕು. ಟೆಸ್ಟೋಸ್ಟೆರಾನ್ ಆ ನಾಳದ ಹಂಗಿಲ್ಲದೆ ನೇರ ರಕ್ತಕ್ಕೆ ಸೇರುತ್ತದೆ; ಮೀಸೆ, ದನಿ, ಹಾಸಿಗೆಯ ಪೌರುಷ ಎಲ್ಲ ಇದ್ದಲ್ಲೇ ಇರುತ್ತವೆ. ಕೆಲವು ದಿನ ಬಾವು, ನೋವು. ನೂರರಲ್ಲಿ ಒಬ್ಬಿಬ್ಬರಿಗೆ ನೋವು ತಿಂಗಳುಗಟ್ಟಲೆ ಉಳಿಯುವುದೂ ಉಂಟು, ಸುಳ್ಳಲ್ಲ. ಆ ಒಬ್ಬಿಬ್ಬರನ್ನು ಮಿಕ್ಕವರೆಲ್ಲ ತಮ್ಮ ದಾಯಾದಿ ಅಂತ ಹೇಳಿಕೊಳ್ಳುತ್ತಾರೆ.

ತುರ್ತು ಪರಿಸ್ಥಿತಿಯ 1976-77ರಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು, ಎಷ್ಟೋ ಮಂದಿಗೆ ಬಲವಂತವಾಗಿ. ಆ ಭಯ ಪಿತ್ರಾರ್ಜಿತ ಆಸ್ತಿಯಾಗಿ ಮೊಮ್ಮಕ್ಕಳವರೆಗೆ ಬಂದಿದೆ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಒಂದೇ ದಿನ 83 ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದರು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಭಯಕ್ಕೆ ಮಾತ್ರ ವಾರಸುದಾರರೇ ಇಲ್ಲ.

ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿ. "ಹೆಂಗೂ ಹೊಟ್ಟೆ ಕುಯ್ದಿದೀರಲ್ಲ ಡಾಕ್ಟ್ರೇ, ಅದನ್ನೂ ಒಟ್ಟಿಗೇ ಮುಗಿಸಿಬಿಡಿ" ಅನ್ನುತ್ತಾಳೆ ಅತ್ತೆ. "ನೀವೇ ಮಾಡಿಸ್ಕೊಳ್ಳಿ ಅಣ್ಣ, ದುಡ್ಡೂ ಜಾಸ್ತಿ ಕೊಡ್ತಾರೆ" ಅಂತ ಆಶಾ ಕಾರ್ಯಕರ್ತೆ ಮಗನ ಕಡೆ ತಿರುಗಿದರೆ, "ದುಡಿಯೋ ಗಂಡ್ಸು ಕಣಮ್ಮ ಅವ್ನು, ಸುಮ್ನಿರು!" ದುಡಿಯುವ ಗಂಡಸು ಮೊಬೈಲಿನಿಂದ ತಲೆ ಎತ್ತುವುದಿಲ್ಲ.

1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರಿನ ನಾಡು ನಮ್ಮದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತೆಯರಿಗೆ ಆಪರೇಷನ್ ಆಗಿದೆ. ಗಂಡಂದಿರ ಲೆಕ್ಕ ಸೊನ್ನೆಯ ಹತ್ತಿರ ಆರಾಮಾಗಿ ಮಲಗಿದೆ.

ಅಪ್ಪಿತಪ್ಪಿ ಮಾಡಿಸಿಕೊಂಡವನಿಗೂ ಒಂದು ಕರಾರಿದೆ. ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್, ಆಮೇಲೆ ವೀರ್ಯ ಪರೀಕ್ಷೆ. ಡಾಕ್ಟರು ಬರೆದುಕೊಟ್ಟ ಚೀಟಿ ಪ್ಯಾಂಟಿನ ಜೇಬಲ್ಲೇ ಒಗೆದುಹೋಗಿ, ಎರಡನೇ ತಿಂಗಳಿಗೆ ಹೆಂಡತಿ ಬಸುರಿಯಾದಳೋ, ಈ ವೈದ್ಯಶಾಸ್ತ್ರಜ್ಞ ಅನುಮಾನ ಪಡುವುದು ತನ್ನ ನಾಳದ ಮೇಲಲ್ಲ, ಪಕ್ಕದ ಮನೆಯವನ ಮೇಲೆ.