ಮಧುಮಾಲತೀ ಬಂಧನ

ಬೈರಸಂದ್ರ, ತಾವರೆಕೆರೆ, ಮಡಿವಾಳಗಳನ್ನು ಮೂರಕ್ಷರಕ್ಕೆ ಇಳಿಸಿ ಕಟ್ಟಿದ ಬಿಟಿಎಂ ಲೇಔಟಿನಲ್ಲಿ 30×40 ಅಡಿಯ ನಿವೇಶನದ ಮೇಲೆ ಮನೆ ಕಟ್ಟಿಕೊಂಡ ಗೃಹಸ್ಥನಿಗೆ ಕೊನೆಯಲ್ಲಿ ಉಳಿಯುವ ಭೂಮಿಯೆಂದರೆ ನೀರಿನ ಸಂಪಿಗೂ ಕಾಂಪೌಂಡಿಗೂ ನಡುವಣ ಒಂದಿಷ್ಟು ಮಣ್ಣು ಮಾತ್ರ. ಅದರಲ್ಲಿ ಮಾವು, ಹಲಸುಗಳನ್ನು ನೆಡುವ ಮಾತೇ ಇಲ್ಲ. ಇಂಥ ದಾರಿದ್ರ್ಯವನ್ನು ಕ್ಷಮಿಸುವ ಸಸ್ಯಜಾತಿ ಬಳ್ಳಿಯೊಂದೇ. ಬುಡಕ್ಕೆ ಅಂಗೈಯಗಲದ ಜಾಗವನ್ನು ಒದಗಿಸಿದರೆ ಸಾಕು, ಮಿಕ್ಕುದನ್ನು ಅದು ನೆರೆಹೊರೆಯವರಿಂದ ತಾನೇ ಪಡೆದುಕೊಳ್ಳುತ್ತದೆ.

ಲಾಲ್‌ಬಾಗಿನ ನರ್ಸರಿಯಲ್ಲಿ ಮೊಳದುದ್ದದ ಸಸಿಯಾಗಿ ಪರಮ ವಿನಯದಿಂದ ತಲೆತಗ್ಗಿಸಿ ನಿಂತಿದ್ದ ಮಧುಮಾಲತಿಯನ್ನು ಕಂಡು ಮರುಳಾಗಿ ತಂದೆನು. ಮಣ್ಣಿಗಿಳಿದೊಡನೆ ಆ ವಿನಯ ಮಾಯವಾಯಿತು. ಕಿಟಕಿಯ ಸರಳು, ಕೇಬಲ್ ತಂತಿ, ಪಕ್ಕದ ಪಿ.ಜಿ.ಯವರು ಬಟ್ಟೆ ಒಣಗಿಸುವ ಹಗ್ಗ, ಯಾವುದೂ ಅದಕ್ಕೆ ಪರಕೀಯವೆನಿಸಲಿಲ್ಲ. ಸಂಜೆ ಬಿಳಿದಾಗಿ ಅರಳಿ, ಇರುಳಲ್ಲಿ ನೀಳ ನಾಲಗೆಯ ಪತಂಗಗಳಿಗೆ ಆತಿಥ್ಯ ನೀಡಿ, ಮರುದಿನ ನಸುಗೆಂಪಾಗಿ, ಆಮೇಲೆ ಕಡುಗೆಂಪಿಗೆ ತಿರುಗುವ ಆ ಹೂಗೊಂಚಲುಗಳ ಮುಂದೆ ಯಾವ ಆಕ್ಷೇಪಣೆಯೂ ನನಗೆ ಕ್ಷುದ್ರವಾಗಿಯೇ ತೋರುತ್ತಿತ್ತು. ಆದರೆ ಎದುರುಮನೆಯವರು, "ಏನ್ ಸಾರ್, ನಿಮ್ಮ ಹೂ ಗುಡಿಸೋಕೆ ನಾವು ಆಳಿಡಬೇಕಾ?" ಎಂದು ಕೇಳಿದ ಮೇಲೆ ಭಾನುವಾರ ಬೆಳಿಗ್ಗೆ ಕತ್ತರಿ ಹಿಡಿದು ಏಣಿಯೇರಲೇಬೇಕಾಯಿತು.

ಮಧುಮಾಲತಿಯ ಎಲೆ ಉದುರಿದರೂ ತೊಟ್ಟಿನ ಬುಡವು ಕಾಂಡದಲ್ಲಿಯೇ ಉಳಿದು, ಗಡುಸಾಗಿ, ಮುಳ್ಳಾಗುತ್ತದೆ. ಆಧಾರವನ್ನು ಹಿಡಿದು ಮೇಲೇರಲು ಬಳ್ಳಿ ಮಾಡಿಕೊಂಡ ಏರ್ಪಾಡು ಇದು. ಈ ಶಾಸ್ತ್ರವಿಚಾರವನ್ನು ನಾನು ಪುಸ್ತಕದಲ್ಲಿ ಓದಿದ್ದೆನು. ಅದರ ಪ್ರಯೋಗವು ನನ್ನ ಪಂಚೆಯ ಮೇಲೆ ನಡೆಯಿತು. ಒಂದು ಮೆಟ್ಟಿಲು ಇಳಿದರೆ ಪಂಚೆ ಮೇಲೆಯೇ ಉಳಿಯುವುದು. ಒಂದು ಮೆಟ್ಟಿಲು ಏರಿದರೆ ಬೇರೊಂದು ಮುಳ್ಳು ಬೇರೊಂದು ಅಂಚನ್ನು ಹಿಡಿಯುವುದು. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಸೊಂಟದ ಗಂಟು. ಕತ್ತರಿಯಂತೂ ಎಂದೋ ಕೆಳಗೆ ಬಿದ್ದಿತ್ತು. ಹಲ್ಲುಜ್ಜುತ್ತ ಬಾಲ್ಕನಿಗೆ ಬಂದ ಪಿ.ಜಿ. ಹುಡುಗರಲ್ಲಿ ಒಬ್ಬನು ತೆಲುಗಿನಲ್ಲಿಯೂ ಇನ್ನೊಬ್ಬನು ಹಿಂದಿಯಲ್ಲಿಯೂ ಉಪದೇಶವನ್ನು ಆರಂಭಿಸಿದರು. ಮೂರನೆಯವನು ಈ ಊರಿಗೆ ಬಂದ ಮೇಲೆ ಶ್ರದ್ಧೆಯಿಂದ ಕಲಿತಿದ್ದ ಏಕೈಕ ಕನ್ನಡ ವಾಕ್ಯವನ್ನು ದಯಪಾಲಿಸಿದನು: "ಅಂಕಲ್, ಸ್ವಲ್ಪ ಅಡ್ಜಸ್ಟ್ ಮಾಡಿ." ಆ ಎತ್ತರದಲ್ಲಿ, ಆ ಅವಸ್ಥೆಯಲ್ಲಿ, ಅಡ್ಜಸ್ಟ್ ಮಾಡಲು ನನ್ನ ಬಳಿ ಉಳಿದಿದ್ದುದಾದರೂ ಏನು? ಸೊಪ್ಪಿನ ಗಾಡಿಯಾಕೆ ಗಾಡಿ ನಿಲ್ಲಿಸಿ, "ಪಂಚೆ ಬಿಟ್ಟು ಇಳ್ಕೊಳ್ಳಿ ಸಾಮಿ, ನಾವು ಆಕಡೆ ತಿರುಗ್ಕೋತೀವಿ" ಎಂದಳು. ಎಂದಳೇ ಹೊರತು ಯಾರೊಬ್ಬರೂ ತಿರುಗಲಿಲ್ಲ. ಮಡಿವಾಳದ ಸೋಮೇಶ್ವರನಿಗೂ ಭಾನುವಾರ ಇಷ್ಟು ದರ್ಶನಾರ್ಥಿಗಳು ಇರುತ್ತಾರೋ ಇಲ್ಲವೋ! ಒಳಗಿನಿಂದ ನನ್ನಾಕೆ, "ರೀ, ಮೇಲೇ ಇದ್ದೀರಲ್ಲ, ದೇವರಿಗೆ ನಾಲ್ಕು ಹೂ ಕಿತ್ಕೊಂಡು ಬನ್ನಿ" ಎಂದು ಕೂಗಿದಳು. ಕೊನೆಗೆ ಆಕೆಯೇ ಅಡುಗೆಮನೆಯ ಕತ್ತರಿ ತಂದು, ಕುರ್ಚಿ ಹತ್ತಿ, ಪಂಚೆಯ ಅಂಚನ್ನು ಕತ್ತರಿಸಿ ನನ್ನನ್ನು ಬಿಡಿಸಿದಳು. ಬಳ್ಳಿಯನ್ನೇಕೆ ಕತ್ತರಿಸಲಿಲ್ಲವೆಂದರೆ, ಅಲ್ಲಿ ಮೊಗ್ಗಿತ್ತಂತೆ.

ಹೂವಿನ ಕಾಲ ಮುಗಿದ ಮೇಲೆ, ಪಂಚೆಯ ಬದಲು ಪ್ಯಾಂಟು ಧರಿಸಿ, ಬಳ್ಳಿಯನ್ನು ಆಳುದ್ದಕ್ಕೆ ಸವರಿದೆನು. ತುದಿಯ ಚಿಗುರು ಆಕ್ಸಿನ್ ಎಂಬ ರಸವನ್ನು ಕೆಳಕ್ಕಿಳಿಸಿ ಪಕ್ಕದ ಮೊಗ್ಗುಗಳನ್ನು ಅಡಗಿಸಿಟ್ಟಿರುತ್ತದೆ. ತುದಿ ಹೋಯಿತೆಂದರೆ ಅವೆಲ್ಲವೂ ಒಟ್ಟಿಗೆ ತಲೆಯೆತ್ತುತ್ತವೆ. ಹೂ ಬಿಡುವುದಾದರೂ ಆ ಹೊಸ ಚಿಗುರುಗಳ ತುದಿಯಲ್ಲಿಯೇ. ಹೀಗಾಗಿ ನಾನು ವಿಧಿಸಿದ ಶಿಕ್ಷೆಯಿಂದ ಅಪರಾಧಿಯು ದ್ವಿಗುಣಗೊಂಡು ಮರಳಿತು.

"ಬುಡಕ್ಕೇ ಕಡಿಸಿ ಟೈಲ್ಸ್ ಹಾಕಿಸಿಬಿಡಿ ಸಾರ್, ಕ್ಲೀನಾಗಿರುತ್ತೆ" ಎಂದರು ಎದುರುಮನೆಯವರು. ಇವರು ಗೇಟಿನವರೆಗೂ ಟೈಲ್ಸ್ ಹಾಸಿ, ಸುರಿದ ಮಳೆ ಇಳಿಯಲು ಬೆರಳಿನಷ್ಟು ಸಂದನ್ನೂ ಉಳಿಸದ ಮಹನೀಯರು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ, ಕೊಡಗಳನ್ನು ಸಾಲಾಗಿಟ್ಟು, ಟ್ಯಾಂಕರಿನ ದಾರಿ ಕಾಯುತ್ತ ನಿಂತವರೂ ಇವರೇ. ನಿಂತದ್ದು ನನ್ನ ಮಧುಮಾಲತಿಯ ನೆರಳಿನಲ್ಲಿ. ಇದನ್ನು ಅವರಿಗೆ ಹೇಳಬೇಕೆಂದಿದ್ದೆನು. ಅಷ್ಟರಲ್ಲಿ ಅವರ ಶ್ರೀಮತಿಯವರು ಬಂದು, ಕುಂಡದಲ್ಲಿ ಹಾಕಿಕೊಳ್ಳಲು ಎರಡು ಕಡ್ಡಿ ಬೇಕೆಂದರು.

ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗೆಣ್ಣಿರುವ ಕಡ್ಡಿಗಳನ್ನೇ ಆರಿಸಿ ಕೊಟ್ಟೆನು. ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಬೇಕೆಂದೂ, ಬೇರು ಬಂದ ಮೇಲೆ ಒಳ್ಳೆಯ ಬಿಸಿಲಿಗೆ ಸಾಗಿಸಬೇಕೆಂದೂ, ಸವರುವ ಕೆಲಸವನ್ನು ಯಜಮಾನರೇ ಖುದ್ದಾಗಿ ಮಾಡಿದರೆ ಉತ್ತಮವೆಂದೂ ವಿಸ್ತಾರವಾಗಿ ತಿಳಿಸಿದೆನು. ಎದುರುಮನೆಯ ಯಜಮಾನರು ಸದಾ ಪಂಚೆ ಉಡುವವರು. ಮುಳ್ಳಿನ ಪ್ರಸ್ತಾಪವನ್ನು ಮಾತ್ರ ನಾನು ಮಾಡಲಿಲ್ಲ.