ಆಟೋ ಸ್ಟಾರ್ಟರ್ ಪುರಾಣ

“ಅಳಿಯಾ, ಈ ಸ್ಮಾರ್ಟ್ ಗ್ರಿಡ್ಡು ಅಂತಾರಲ್ಲ, ಅದು ಕಂಬಕ್ಕೆ ಹಾಕೋದಾ, ಮೋಟರಿಗೆ ಹಾಕೋದಾ?”

ಬೇಲಿಯ ಆಚೆ ನಿಂತು ಹೀಗೆ ಕೇಳಿದವರು ಪಕ್ಕದ ಮನೆಯ ಮಾವ. ಸ್ವಂತ ಮಾವನಲ್ಲ. ಬಿಳಿಚೋಡಿನಲ್ಲಿ ಬೇಲಿಗೆ ಬೇಲಿ ತಾಗಿದ ಮೇಲೆ ನಂಟಸ್ತಿಕೆಗೆ ಬೇರೆ ದಾಖಲೆ ಬೇಕಿಲ್ಲ. ಅವರ ಮೊಮ್ಮಗಳು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಾಳೆ, ಕೊನೆ ವರ್ಷದ ಪ್ರಾಜೆಕ್ಟಿಗೆ ಇದೇ ವಿಷಯ ಹಿಡಿದಿದ್ದಾಳೆ. ಅವಳನ್ನೇ ಕೇಳಬಹುದಿತ್ತು. ಆದರೆ ಮೊಮ್ಮಗಳ ಮುಂದೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಮಾವನ ಜಾಯಮಾನವಲ್ಲ. ನನ್ನನ್ನು ಕೇಳಿದರೆ ಅದು ಪರೀಕ್ಷೆ ಮಾಡಿದ ಹಾಗಾಗುತ್ತದೆ.

“ಎಲ್ಲದಕ್ಕೂ ಹಾಕೋದು ಮಾವ. ಈಗ ಶರಾವತಿಯಿಂದಲೋ ರಾಯಚೂರಿಂದಲೋ ಕರೆಂಟು ನಿಮ್ಮ ಮೋಟರಿಗೆ ಬರ್ತೈತೆ. ಆದರೆ ಮೋಟರಿನ ಸುದ್ದಿ ವಾಪಸ್ ಹೋಗಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ನೀವು ಕರೆಂಟಿನವರ 1912ಕ್ಕೆ ಫೋನ್ ಮಾಡೋ ತನಕ ಯಾರಿಗೂ ಗೊತ್ತಾಗಲ್ಲ. ಆ ಸುದ್ದಿನೂ ತಂತಾನೇ ತಿರುಗಿ ಹೋಗೋ ಹಂಗೆ ಮಾಡಿದ್ರೆ ಸ್ಮಾರ್ಟು.”

“ಅಂದ್ರೆ ಚಾಡಿ ಹೇಳೋ ತಂತಿ ಅನ್ನು.”

ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೆ 1960ರಿಂದ ವಿದ್ಯುತ್ತಿನದೇ ಕಸುಬು. ಸ್ಮಾರ್ಟ್ ಮೀಟರುಗಳನ್ನು ಪರೀಕ್ಷೆ ಮಾಡಿ ಸೈ ಎನ್ನುವ ಅಲ್ಲಿನವರೂ ಇಷ್ಟು ಚುಟುಕಾಗಿ ಹೇಳಿರಲಿಕ್ಕಿಲ್ಲ. ನಾನು ಬಿಡದೆ ಮೈಸೂರಿನ ಕಥೆ ತೆಗೆದೆ. ಕೇಂದ್ರ ಸರ್ಕಾರ ದೇಶದಲ್ಲಿ 14 ಕಡೆ ಸ್ಮಾರ್ಟ್ ಗ್ರಿಡ್ ಪ್ರಯೋಗಕ್ಕೆ ಜಾಗ ಆರಿಸಿದಾಗ ಕರ್ನಾಟಕದಿಂದ ಸಿಕ್ಕಿದ್ದು ಮೈಸೂರಿನ ವಿ.ವಿ. ಮೊಹಲ್ಲಾ. 21 ಸಾವಿರಕ್ಕೂ ಮಿಕ್ಕಿ ಗ್ರಾಹಕರು, ಅವರಲ್ಲಿ ಊರಾಚೆಯ ಒಂದಷ್ಟು ಪಂಪ್‌ಸೆಟ್ಟಿನವರೂ ಇದ್ದರು.

“ಮೈಸೂರಿನೋರಿಗೇನಪ್ಪ,” ಅಂದರು ಮಾವ, “ಶಿವನಸಮುದ್ರದ ಕರೆಂಟು ನೋಡಿ ನೂರು ವರ್ಷದ ಮೇಲಾತು. ಅವರ ಮೊಹಲ್ಲಾದಲ್ಲಿ ಆಟೋ ಸ್ಟಾರ್ಟರ್ ಎಷ್ಟು ಅದಾವೆ ಕೇಳು.”

ಶಿವನಸಮುದ್ರದಿಂದ 1902ರಲ್ಲಿ ಹೊರಟ ತಂತಿ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಯನ್ನು, ಮೈಸೂರನ್ನಲ್ಲ ಎಂದು ತಿದ್ದಬೇಕೆನ್ನಿಸಿತು. ತಿದ್ದಲಿಲ್ಲ. ಮಾವ ಆಟೋ ಸ್ಟಾರ್ಟರ್ ಎತ್ತಿದ ಮೇಲೆ ಬೇರೆ ಮಾತಿಗೆ ಜಾಗವಿರುವುದಿಲ್ಲ.

ಪೇಟೆಯ ಓದುಗರಿಗಾಗಿ ಹೇಳುತ್ತೇನೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದರೆ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಲಿಕೆ ಹಿಡಿದು ಹಾವು-ಚೇಳಿನ ನಡುವೆ ಹೊಲಕ್ಕೆ ಹೋಗಿ ಸ್ಟಾರ್ಟರ್ ಒತ್ತಬೇಕು. ಒತ್ತಿ ಮನೆಗೆ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಇದಕ್ಕೆ ರೈತ ಕಂಡುಕೊಂಡ ಮದ್ದು ಆಟೋ ಸ್ಟಾರ್ಟರ್. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಚಾಲೂ ಆಗುತ್ತದೆ, ಮಾಲೀಕ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾನೆ. ಪುಣೆಯ ‘ನ್ಯಾನೋ ಗಣೇಶ್’ ಥರದ, ಫೋನಿನಿಂದಲೇ ಮೋಟರು ಚಾಲೂ ಮಾಡುವ ಸಾಧನಗಳು ಬಂದು ಎಷ್ಟೋ ವರ್ಷವಾದವು. ಆದರೆ ಫೋನ್ ಮಾಡುವುದಕ್ಕೂ ಎದ್ದಿರಬೇಕಲ್ಲ!

ತೊಂದರೆ ಏನೆಂದರೆ, ಮೋಟರು ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಕರೆಂಟನ್ನು ಹೊರಡುವ ಆ ಒಂದೆರಡು ಸೆಕೆಂಡಿನಲ್ಲಿ ಎಳೆಯುತ್ತದೆ. 25 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ತಾಳುವುದು 5 ಎಚ್‌ಪಿಯ ನಾಲ್ಕೋ ಐದೋ ಮೋಟರು. ಅಷ್ಟೂ ಒಂದೇ ಸಲ ಹೊರಟರೆ ಅದರ ಗತಿ ಏನು? ಇನ್ನು ಆ 5 ಎಚ್‌ಪಿ ಎಂಬುದೂ ಮೇಲಿನ ತಗಡಿನ ಮಾತು. ಒಳಗಿನದು ಏಳೂವರೆ ಇದ್ದೀತು, ಹತ್ತಿದ್ದೀತು. ಟಿಸಿ ಢಂ ಎನ್ನುತ್ತದೆ. ಆಮೇಲೆ ಸುಟ್ಟದ್ದನ್ನು ಸಾಗಿಸಲು ಎಲ್ಲರೂ ಸೇರಿ ಟ್ರ್ಯಾಕ್ಟರ್ ಹುಡುಕುತ್ತಾರೆ.

“ಆಟೋ ಸ್ಟಾರ್ಟರ್ ಹಾಕಬ್ಯಾಡ್ರಿ ಅಂತ ಲೈನ್‌ಮನ್ ಹೇಳ್ತಾನೇ ಇರ್ತಾನೆ. ಅವನ ಅಪ್ಪನ ಹೊಲದಾಗೂ ಅದೇ ಐತೆ,” ಅಂದರು ಮಾವ.

ಇಂಜಿನಿಯರರು ಒಂದು ಬಾಗಿಲು ಮುಚ್ಚಿದರೆ ಹಳ್ಳಿಯವರು ಇನ್ನೊಂದು ತೆಗೆದ ಚರಿತ್ರೆ ಹಳೆಯದು. ಮನೆಗೆ ದೀಪ ಸಿಗಲಿ, ಮೋಟರು ಓಡದಿರಲಿ ಎಂದು ಸಿಂಗಲ್ ಫೇಸ್ ಬಿಟ್ಟರು. ನಮ್ಮವರು ಕಂಡೆನ್ಸರ್ ಕೂರಿಸಿ ಸಿಂಗಲ್ ಫೇಸಿನಲ್ಲೇ ತ್ರೀ ಫೇಸ್ ಮೋಟರು ಓಡಿಸಿದರು. ಮನೆಯ ದೀಪಗಳು ಮಿಣಮಿಣ ಎಂದವು. ಕೊನೆಗೆ ನಿರಂತರ ಜ್ಯೋತಿ ಎಂದು ಮನೆಗೊಂದು, ಹೊಲಕ್ಕೊಂದು ಲೈನನ್ನೇ ಬೇರೆ ಎಳೆಯಬೇಕಾಯಿತು. ಸಂಶೋಧನೆ ಬೆಂಗಳೂರಿನಲ್ಲಷ್ಟೇ ನಡೆಯುತ್ತದೆ ಎಂದವರು ನಮ್ಮ ಜಗಳೂರು ತಾಲ್ಲೂಕಿನ ಪಂಪ್‌ಹೌಸ್ ನೋಡಿಲ್ಲ.

“ಅದಿರ್ಲಿ, ಈ ಚಾಡಿ ತಂತಿ ನನ್ನ ಮೋಟರಿನ ಯೂನಿಟ್ಟೂ ಎಣಿಸ್ತೈತಾ?”

ಮಾವ ಬಂದೇ ಬರುತ್ತಾರೆಂದು ನಾನು ಕಾದಿದ್ದ ಜಾಗ ಇದು. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಹಣ ಸರ್ಕಾರ ಕಟ್ಟುತ್ತದೆ. ಮೀಟರು ಮಾತ್ರ ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಇಲ್ಲ. ರಾಜ್ಯದ ಕರೆಂಟಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೋಗುವುದು ಇಂಥ ಮೋಟರುಗಳಿಗೆ. ಅಷ್ಟು ದೊಡ್ಡ ಬಾಬ್ತಿನ ಲೆಕ್ಕವೇ ಅಂದಾಜಿನದು.

“ಮೀಟರಿಲ್ಲದ ಮೇಲೆ ನಾನಿಷ್ಟು ಸುಟ್ಟೆ ಅಂತ ಯಾರು ಹೇಳೋರು?”

“ಫೀಡರಿಗೆ, ಕೆಲವು ಟಿಸಿಗಳಿಗೆ ಮೀಟರ್ ಇರ್ತೈತೆ ಮಾವ. ಅದರಲ್ಲಿ ಇಷ್ಟು ಸೋರಿಕೆ ಅಂತ ಕಳೆದು, ಉಳಿದಿದ್ದನ್ನ ಮೋಟರಿಗೆ ಹಂಚ್ತಾರೆ.”

“ಸೋರಿಕೆ ಎಷ್ಟು ಅಂತ ಹೇಳೋರು ಯಾರು?”

“ಅದೂ ಅವರೇ.”

“ಸರಿಹೋಯ್ತು. ದಾರಿಲಿ ಸೋರಿದ್ದು, ಯಾರೋ ಕೊಕ್ಕೆ ಹಾಕಿ ಎಳೆದಿದ್ದು ಎಲ್ಲಾ ನನ್ನ ತಲೆ ಮ್ಯಾಲೆ. ರೈತ ಅಷ್ಟು ತಿಂದ, ಇಷ್ಟು ತಿಂದ ಅಂತ ಪೇಪರಿನಲ್ಲಿ ಬರೋದು ಇದೇನಾ?”

ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ಈ ಅಂದಾಜು ಎಲ್ಲರಿಗೂ ಅನುಕೂಲ ಎಂದೇ ನನ್ನ ಗುಮಾನಿ. ರೈತನಿಗೆ ಮೀಟರಿಲ್ಲದ ನೆಮ್ಮದಿ, ಸರಬರಾಜು ಮಾಡುವವರಿಗೆ ಸೋರಿಕೆ ಅಡಗಿಸಲು ಮರೆ, ಸರ್ಕಾರಕ್ಕೆ ಮೀಟರಿನ ಸುದ್ದಿ ಎತ್ತದೆ ಚುನಾವಣೆ ದಾಟುವ ದಾರಿ. ಮೀಟರು ಹಾಕಿಸಿ ಎಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವರ್ಷವರ್ಷವೂ ಹೇಳುತ್ತದೆ. 2025ರ ಫೆಬ್ರವರಿಯಿಂದ ಬೆಸ್ಕಾಂನಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರು ಕಡ್ಡಾಯವಾದಾಗ ಸುಮಾರು 5 ಸಾವಿರ ಕೊಟ್ಟು ಹಾಕಿಸಿಕೊಳ್ಳಬೇಕಾದದ್ದು ಹೊಸ ಮನೆಯವನು. ಚಾಡಿ ತಂತಿ ಬಲ್ಬು, ಫ್ಯಾನು, ಮಿಕ್ಸಿಯ ಸುದ್ದಿ ಒಯ್ಯುತ್ತದೆ. ಬೋರಿನ ಹತ್ತಿರ ಮೂಕವಾಗುತ್ತದೆ.

ಇನ್ನೂ ಒಂದು ಪೇಚಿದೆ. ಹೊರದೇಶದ ಸಂಶೋಧನೆಯ ದೊಡ್ಡ ಪಾಲು ನಿಂತಿರುವುದು ದರದ ಮೇಲೆ. ಕರೆಂಟು ಹೆಚ್ಚಿರುವ ಹೊತ್ತು ಅಗ್ಗ, ಕಡಿಮೆ ಇರುವ ಹೊತ್ತು ತುಟ್ಟಿ, ಜನ ತಾವೇ ಹೊತ್ತು ಬದಲಿಸಿಕೊಳ್ಳುತ್ತಾರೆ ಎಂಬ ನಂಬಿಕೆ. ದೊಡ್ಡ ಕಾರ್ಖಾನೆಗಳಿಗೆ ನಮ್ಮಲ್ಲೂ ಈ ಪದ್ಧತಿ ಇದೆ. ಆದರೆ ಹೊಲದ ಬಿಲ್ಲು ಸೊನ್ನೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಹಿಂದಿನ ಸರಾಸರಿಗೆ ಒಂದಿಷ್ಟು ಸೇರಿಸಿ 200 ಯೂನಿಟ್ಟಿನ ಒಳಗಿದ್ದರೆ ಮನೆಯ ಬಿಲ್ಲೂ ಸೊನ್ನೆ. ಸೊನ್ನೆಯನ್ನು ಹಗಲು ಅರ್ಧ ಮಾಡಿದರೂ ರಾತ್ರಿ ದುಪ್ಪಟ್ಟು ಮಾಡಿದರೂ ಅತ್ತೆ ಮಿಕ್ಸಿ ಹಾಕುವ ಹೊತ್ತು ಬದಲಾಗುವುದಿಲ್ಲ. ಹಾಗಾಗಿ ನಮ್ಮ ಕಡೆ ಗ್ರಿಡ್ಡಿಗೆ ಗೊತ್ತಿರುವ ಮಾತು ಎರಡೇ, ಬಿಡುವುದು ಮತ್ತು ತೆಗೆಯುವುದು.

ಆ ಎರಡೇ ಮಾತಿನಲ್ಲಿ ಒಂದು ಒಳ್ಳೆಯದಾಗಿದೆ ಎನ್ನಬೇಕು. ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕ್ ಎಬ್ಬಿಸಿದ್ದಾರೆ. ಬಿಸಿಲಿನ ಕರೆಂಟು ಹಗಲೇ ಖರ್ಚಾಗಬೇಕು, ಮೋಟರಿಗಿಂತ ಒಳ್ಳೆಯ ಗಿರಾಕಿ ಅದಕ್ಕೆಲ್ಲಿ? ಪಂಪ್‌ಸೆಟ್ಟಿನ ಫೀಡರುಗಳಿಗೇ ಸೋಲಾರ್ ಜೋಡಿಸುವ ಕುಸುಮ್ ಯೋಜನೆಯೂ ಬಂದಿದೆ. ರಾತ್ರಿ ಪಾಳಿ ತಪ್ಪಿದರೆ ಹಾವಿಗೂ ನಮಗೂ ಕ್ಷೇಮ.

“ಹಗಲಾದ್ರೂ ಮೋಟರೆಲ್ಲ ಒಂದೇ ಸಲ ಹೊರಡೋದು ತಪ್ಪಲ್ವಲ್ಲ,” ಅಂದರು ಮಾವ.

ಒಂದೇ ಸಲ ಎಂದಾಗ 2020ರ ಏಪ್ರಿಲ್ 5 ನೆನಪಾಯಿತು. ಕೊರೊನಾ ಕಾಲದಲ್ಲಿ ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಿದೆವಲ್ಲ, ಆಗ ದೇಶದ ಬೇಡಿಕೆ ಸುಮಾರು 31 ಸಾವಿರ ಮೆಗಾವ್ಯಾಟ್ ಕುಸಿದು ಮತ್ತೆ ಎದ್ದಿತು. ಜಲವಿದ್ಯುತ್ ಕೇಂದ್ರಗಳನ್ನು ಇಳಿಸಿ ಏರಿಸಿ ಗ್ರಿಡ್ಡನ್ನು ಕಾದರು. ಅವರಿಗೆ ಮುಂಚೆ ಗೊತ್ತಿತ್ತು, ತಯಾರಿದ್ದರು. 2012ರ ಜುಲೈ ಕೊನೆಯಲ್ಲಿ ಹೀಗಾಗಲಿಲ್ಲ. ಉತ್ತರ, ಪೂರ್ವ, ಈಶಾನ್ಯದಲ್ಲಿ ಗ್ರಿಡ್ಡು ಕುಸಿದು ಸುಮಾರು 60 ಕೋಟಿ ಜನ ಕತ್ತಲಲ್ಲಿ ಕೂತರು. ನಮಗೆ ಬಿಸಿ ತಟ್ಟಲಿಲ್ಲ, ದಕ್ಷಿಣದ ಗ್ರಿಡ್ಡು ಆಗಿನ್ನೂ ಅವರ ತಾಳಕ್ಕೆ ಜೋಡಣೆ ಆಗಿರಲಿಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನು ಕೂಡಿದ ಮೇಲೆ ಬಿಳಿಚೋಡಿನ ಮೋಟರೂ ಕಾಶ್ಮೀರದ ಹೀಟರೂ ಒಂದೇ 50 ಹರ್ಟ್ಸಿನಲ್ಲಿ ನಡೆಯುತ್ತಿವೆ.

“ಉಪಾಯ ಒಂದೈತೆ ಮಾವ. ಆಟೋ ಸ್ಟಾರ್ಟರ್ ಇರ್ಲಿ, ಅದರೊಳಗೆ ಒಂದು ಟೈಮರ್ ಹಾಕೋದು. ಕರೆಂಟು ಬಂದ ಮೇಲೆ ಒಬ್ಬರದು ಅರ್ಧ ನಿಮಿಷಕ್ಕೆ, ಇನ್ನೊಬ್ಬರದು ಒಂದು ನಿಮಿಷಕ್ಕೆ ಹೊರಡ್ತೈತೆ. ಟಿಸಿ ಉಳೀತೈತೆ.”

“ಮೊದಲನೇದು ಯಾರದು?”

“ಯಾರದಾದ್ರೇನು ಮಾವ, ಅರ್ಧ ನಿಮಿಷ.”

“ನೀನು ಪೆನ್ಷನ್ ತಿನ್ನೋನು, ನಿನಗೇನು ಗೊತ್ತು? ಏಳೆಂಟು ನೂರು ಅಡಿ ಕೆಳಗಿರೋದು ಒಂದೇ ನೀರು. ಪಕ್ಕದ ಹೊಲದೋನ ಬೋರು ನನ್ನ ಬೋರಿಗಿಂತ ಮೊದಲು ಎಳೆದ್ರೆ ನನಗೆ ಬರೋದು ಗಾಳಿ.”

ಅರ್ಧ ನಿಮಿಷದಲ್ಲಿ ಅಂತರ್ಜಲ ಬರಿದಾಗುವುದಿಲ್ಲ. ಮಾವನಿಗೂ ಅದು ಗೊತ್ತು. ತುಂಗಭದ್ರೆಯ ನೀರನ್ನು ದೀಟೂರಿನಿಂದ ಎತ್ತಿ ತಾಲ್ಲೂಕಿನ 57 ಕೆರೆಗೆ ತುಂಬಿಸುವ ಯೋಜನೆಯ ವಿಚಾರ ಎತ್ತಿದೆ. ಕೆರೆ ತುಂಬಿದರೆ ಬೋರಿಗೂ ಜೀವ ಬರುತ್ತದಲ್ಲ! ಮಾವ ಒಪ್ಪಿದರು. ಮೊದಲ ಪಾಳಿಯ ತಕರಾರು ಮಾತ್ರ ಬಿಡಲಿಲ್ಲ.

“ಸಂಶೋಧನೆ ಮಾಡೋರು ಅದಕ್ಕೂ ಯೋಚನೆ ಮಾಡಿದಾರೆ. ದಿನಾ ಮಿಷನ್ನೇ ಚೀಟಿ ಎತ್ತುತೈತೆ. ಇವತ್ತು ನೀವು ಮೊದಲು, ನಾಳೆ ಅವನು.”

ಮಾವ ಬೇಲಿಯ ಗೂಟಕ್ಕೆ ಮೊಣಕೈ ಊರಿ ಬಹಳ ಹೊತ್ತು ಲೆಕ್ಕ ಹಾಕಿದರು.

“ಚೀಟಿ ಎತ್ತೋದು ನ್ಯಾಯ, ಅದಕ್ಕೆ ನಂದೇನೂ ಇಲ್ಲ. ಆದ್ರೆ ಹಾಕಿದ ಮಾರನೇ ದಿನ ಅವನು ಟೈಮರಿನ ವೈರ್ ಕಿತ್ತು ನೇರ ಕೊಡ್ತಾನೆ ನೋಡು.”

“ಅವನು ಕೀಳದಿದ್ರೆ?”

“ಕೀಳದಿದ್ರೆ ನಾನು ಕೀಳ್ತೀನಲ್ಲ!”