ಕುಂಡಮೀಮಾಂಸೆ: ಬಾಲ್ಕನಿ ಸಕ್ಯುಲೆಂಟಿನ ಎಲೆರೋಗ ನಿದಾನ

ಯಾವುದೇ ಶಾಸ್ತ್ರವನ್ನು ಶುರುಮಾಡುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಪ್ಪಣೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಬಾಲ್ಕನಿಯ ಅರ್ಧವನ್ನು ವಾಷಿಂಗ್ ಮೆಷಿನ್ನಿಗೂ ಕಾಲು ಭಾಗವನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿಗೂ ಬಿಟ್ಟುಕೊಟ್ಟು, ಉಳಿದ ಜಾಗದಲ್ಲಿ ಹಸಿರನ್ನು ಬಯಸುವ ಗೃಹಸ್ಥ. ವಿಷಯ, ಎಲೆ. ಸಂಬಂಧ, ಆ ಎಲೆಗೂ ಮನೆಯ ನೆಮ್ಮದಿಗೂ ಇರುವಂಥದ್ದು. ಪ್ರಯೋಜನ, ಸತ್ತ ಗಿಡದ ಜಾಗಕ್ಕೆ ಅದೇ ಗಿಡವನ್ನು ಮತ್ತೆ ಕೊಂಡುತಂದು, ಬಂದ ನೆಂಟರಿಗೆ ‘ಹಳೇದೇ, ಚೆನ್ನಾಗಿ ಬಂದಿದೆ’ ಎಂದು ಸುಳ್ಳು ಹೇಳುವ ಪಾಪದಿಂದ ಬಿಡುಗಡೆ. ಇದರಿಂದ ಮೋಕ್ಷವೂ ಸಿಕ್ಕಿದರೆ ಅದು ಆನುಷಂಗಿಕ ಫಲ. ಗ್ರಂಥಕರ್ತನು ಅದಕ್ಕೆ ಹೊಣೆಯಲ್ಲ.

ಪೂರ್ವಸೂರಿಗಳ ಸ್ಮರಣೆ ಆಗಬೇಕು. ಗಿಡಮರಗಳ ವೈದ್ಯದಲ್ಲಿ ಕನ್ನಡ ಬಡವಾಗಿಲ್ಲ. ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲೇ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆ, ಸುಗಂಧದ್ರವ್ಯ, ನೆಲದಡಿಯ ನೀರು ಹುಡುಕುವ ಬಗೆ ಇವುಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಜಾಗ ಕೊಟ್ಟ. ಸಂಸ್ಕೃತದಲ್ಲಿ ಸುರಪಾಲನು ಮರಗಳಿಗೂ ವಾತ, ಪಿತ್ತ, ಕಫಗಳುಂಟೆಂದು ಸಾರಿದ. ಆದರೆ ಇಬ್ಬರಲ್ಲಿಯೂ ಎಚೆವೇರಿಯಾ ಎಂಬ ಸಕ್ಯುಲೆಂಟಿನ ಮಾತಿಲ್ಲ. ಇದನ್ನು ಗ್ರಂಥಪಾತವೆಂದು ಬಗೆದು ಯಾರೂ ಓಲೆಗರಿ ಹುಡುಕಲು ಹೊರಡಬೇಕಾಗಿಲ್ಲ. ಕಮಲದ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಆ ಗಿಡದ ತೌರು ಮೆಕ್ಸಿಕೊದ ಎತ್ತರದ ಕಲ್ಲುಬಂಡೆಗಳ ಸಂದಿ. ಡಿ ಕ್ಯಾಂಡೋಲ್ ಎಂಬ ಸಸ್ಯಶಾಸ್ತ್ರಿ 1828ರಲ್ಲಿ ಅದಕ್ಕೆ ಅತನಾಸಿಯೊ ಎಚೆವೆರ್ರಿಯಾ ಎಂಬ ಮೆಕ್ಸಿಕೊದ ಚಿತ್ರಕಾರನ ಹೆಸರಿಟ್ಟ. ಗಿಡದ ಚಿತ್ರ ಬರೆದವನ ಹೆಸರು ಗಿಡಕ್ಕೆ ಬಂತು. ಗಿಡ ಕೊಂದವರ ಹೆಸರನ್ನು ಯಾವ ಶಾಸ್ತ್ರವೂ ದಾಖಲಿಸುವುದಿಲ್ಲ. ಇದು ಸಸ್ಯಶಾಸ್ತ್ರದ ದೊಡ್ಡಗುಣ.

ಸುರಪಾಲನ ತ್ರಿದೋಷ ವಿಭಾಗ ಮಾತ್ರ ಈ ಪರದೇಶಿಗೂ ಒಪ್ಪುತ್ತದೆ. ಎಲೆ ತೆಳ್ಳಗಾಗಿ ಸುಕ್ಕುಗಟ್ಟಿದರೆ ವಾತ. ಬಿಸಿಲಿಗೆ ಮುಖ ಮಾಡಿದ ಕಡೆ ಕಂದು ಅಥವಾ ಬಿಳಿಚಿದ ಮಚ್ಚೆ ಬಿದ್ದರೆ ಪಿತ್ತ. ಹಳದಿ ತಿರುಗಿ, ಬೆಳಕು ಆಚೆಗೆ ಕಾಣುವಷ್ಟು ನೀರು ತುಂಬಿಕೊಂಡು, ಬೆರಳು ತಾಕಿದ ಕೂಡಲೇ ಕಳಚಿ ಬಿದ್ದರೆ ಕಫ. ನಗರವಾಸಿ ಸಕ್ಯುಲೆಂಟುಗಳಲ್ಲಿ ಎದ್ದು ಕಾಣುವುದು ಕಫಪ್ರಕೋಪವೇ. ತಳದ ಒಂದೆರಡು ಎಲೆಗಳು ಗರಿಗರಿಯಾಗಿ ಒಣಗುವುದು ಮಾತ್ರ ಯಾವ ದೋಷಕ್ಕೂ ಸೇರದು. ಅದು ವೃದ್ಧಾಪ್ಯ, ಅದಕ್ಕೆ ಔಷಧಿ ಹುಡುಕುವವರು ಮೊದಲು ತಮ್ಮ ಕನ್ನಡಿ ನೋಡಿಕೊಳ್ಳತಕ್ಕದ್ದು. ಚಳಿಗಾಲದ ಬಿಸಿಲಿಗೆ ಎಲೆಯ ಅಂಚು ಕೆಂಪೇರುವುದೂ ರೋಗವಲ್ಲ, ಆಂಥೋಸಯನಿನ್ ಎಂಬ ವರ್ಣದ್ರವ್ಯದ ಶೃಂಗಾರ.

ಇನ್ನು ಪ್ರಮಾಣ ವಿಚಾರ. ರೋಗವನ್ನು ಅರಿಯುವ ಬಗೆ ಹೇಗೆ?

ಮೊದಲನೆಯದು ಶಬ್ದಪ್ರಮಾಣ, ಎಂದರೆ ನರ್ಸರಿಯ ಹುಡುಗನ ವಾಕ್ಯ. ಊರಿನ ಯಾವ ನರ್ಸರಿಗೆ ಹೋದರೂ ಪಾಠಭೇದವಿಲ್ಲದೆ ದೊರೆಯುವ ಆ ವಾಕ್ಯ ಹೀಗಿದೆ: “ವಾರಕ್ಕೊಂದ್ಸಲ ಒಂದ್ ಲೋಟ ನೀರ್ ಹಾಕಿ ಸಾರ್, ಸಾಕು. ಏನೂ ಆಗಲ್ಲ.” ಇದರ ಮೇಲೆ ಭಾಷ್ಯ ಬರೆಯದೆ ವಿಧಿಯಿಲ್ಲ. ಲೋಟ ಎಂದರೆ ಎಷ್ಟು? ಬೈಟೂ ಕಾಫಿಯ ಲೋಟವೆಂದು ಒಂದು ಪಕ್ಷ. ಊಟದ ಪಕ್ಕದ ಸ್ಟೀಲ್ ಲೋಟವೆಂದು ಇನ್ನೊಂದು. ಸ್ನಾನದ ಚೊಂಬೇ ಸರಿಯೆಂದು ಉದಾರವಾದಿಗಳು. ಗಿಡವಾದರೋ ಅಂಗೈಯಗಲದ್ದು. ವಾರವೆಂದರೆ ಯಾವ ವಾರ? ಏಪ್ರಿಲಿನ ಒಂದು ವಾರದಲ್ಲಿ ಕುಂಡ ಬುಡದವರೆಗೆ ಒಣಗುತ್ತದೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರಿನಲ್ಲಿ ಅದೇ ಕುಂಡ ವಾರ ಕಳೆದರೂ ಹಸಿಯಾಗಿಯೇ ಇರುತ್ತದೆ, ಹಗ್ಗದ ಮೇಲಿನ ಜೀನ್ಸ್ ಪ್ಯಾಂಟೇ ಸಾಕ್ಷಿ. ‘ಏನೂ ಆಗಲ್ಲ’ ಎಂಬ ಭಾಗವಂತೂ ವಿಧಿವಾಕ್ಯವೇ ಅಲ್ಲ. ಮೀಮಾಂಸಕರ ಪರಿಭಾಷೆಯಲ್ಲಿ ಅದು ಶುದ್ಧ ಅರ್ಥವಾದ, ಕರ್ತೃವಿಗೆ ಹುರುಪು ತುಂಬಲು ಆಡಿದ ಸ್ತುತಿ. ಆದ್ದರಿಂದ ಕ್ಯಾಲೆಂಡರು ಪ್ರಮಾಣವಲ್ಲ. ಮಣ್ಣು ಪ್ರಮಾಣ. ಮಣ್ಣು ಪೂರ್ತಿ ಒಣಗಿದ ಮೇಲೆ, ತಳದಿಂದ ಹರಿದುಹೋಗುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುವುದು: ಹುಡುಗನ ವಾಕ್ಯಕ್ಕೆ ತಾತ್ಪರ್ಯ ಇಷ್ಟೇ.

ಎರಡನೆಯದು ಅನುಮಾನಪ್ರಮಾಣ. ಅತ್ಯಂತ ಹೆಚ್ಚು ಸಾವುಗಳು ಸಂಭವಿಸಿರುವುದು ಇದರಿಂದಲೇ ಆದಕಾರಣ ಸ್ವಲ್ಪ ವಿಸ್ತರಿಸುತ್ತೇನೆ. ಊರಿನಿಂದ ಬಂದ ಅತ್ತೆಯವರು ಬಾಲ್ಕನಿಗೆ ಕಾಲಿಟ್ಟು, ಸುಕ್ಕಾದ ಎಲೆಯನ್ನು ನೋಡಿ, “ಅಯ್ಯೋ ಪಾಪ, ಬಾಡಿಹೋಗಿದೆಯಲ್ಲಮ್ಮಾ, ಯಾರೂ ಒಂದು ತೊಟ್ಟು ನೀರೂ ಹಾಕ್ಲಿಲ್ವಾ?” ಎನ್ನುತ್ತಾರೆ. ಇಲ್ಲಿ ಅಡಗಿರುವ ವ್ಯಾಪ್ತಿ ಹೀಗೆ: ಎಲ್ಲೆಲ್ಲಿ ಸುಕ್ಕೋ ಅಲ್ಲಲ್ಲಿ ನೀರಿನ ಕೊರತೆ. ಹೊಗೆಯಿದ್ದಲ್ಲಿ ಬೆಂಕಿ ಎಂಬಷ್ಟೇ ಇದು ಗಟ್ಟಿಯಾಗಿ ಕಾಣುತ್ತದೆ. ಆದರೆ ಇದು ಹೇತ್ವಾಭಾಸ, ಅದರಲ್ಲೂ ಸವ್ಯಭಿಚಾರ. ಏಕೆಂದರೆ ನೀರು ಹೆಚ್ಚಾಗಿ ಬೇರು ಕೊಳೆತ ಗಿಡದ ಎಲೆಯೂ ಸುಕ್ಕುಗಟ್ಟುತ್ತದೆ. ಹೀರುವ ಬೇರೇ ಇಲ್ಲವಾದ ಮೇಲೆ ಕುಂಡದಲ್ಲಿ ಕಾವೇರಿ ಐದನೇ ಹಂತವೇ ಹರಿದರೂ ಎಲೆಗೆ ಹನಿ ತಲುಪದು. ಅತ್ತೆಯವರು ಮಮತೆಯಿಂದ ಇನ್ನೊಂದು ಲೋಟ ಸುರಿಯುತ್ತಾರೆ, ಸುಕ್ಕು ಹೆಚ್ಚುತ್ತದೆ, ಮರುದಿನ ಇನ್ನೊಂದು. ನೀರಿನೊಳಗಿದ್ದುಕೊಂಡೇ ಬಾಯಾರಿ ಸಾಯುವ ಈ ಸ್ಥಿತಿಗೆ ವೇದಾಂತಿಗಳಲ್ಲಿ ಒಳ್ಳೆಯ ಹೆಸರಿರಬೇಕು.

ಈ ಒಂದು ಸುಕ್ಕಿನಿಂದಲೇ ಅಪಾರ್ಟ್‌ಮೆಂಟುಗಳಲ್ಲಿ ಜಲಪಕ್ಷ ಮತ್ತು ನಿರ್ಜಲಪಕ್ಷಗಳು ಹುಟ್ಟಿ, ಲಿಫ್ಟಿನಲ್ಲಿ ಪರಸ್ಪರ ಮುಖ ತಿರುಗಿಸಿಕೊಂಡು ನಿಲ್ಲುವ ಪರಿಸ್ಥಿತಿ ಬಂದಿದೆ. ಮೂರನೆಯದಾದ ಸ್ಥಾನಪಕ್ಷದವರು ಗಿಡ ಆಗ್ನೇಯದಲ್ಲಿ ಇಲ್ಲದ್ದೇ ಕಾರಣವೆಂದು ವಾದಿಸಿ, ಅದನ್ನು ಎತ್ತಿಕೊಂಡು ಹೋಗಿ ಬೆಳಕೇ ಬೀಳದ ಶೂ ರ‍್ಯಾಕಿನ ಮೇಲೆ ಪ್ರತಿಷ್ಠಾಪಿಸುತ್ತಾರೆ. ಅಲ್ಲಿ ಅದು ಬೆಳಕನ್ನು ಹುಡುಕುತ್ತಾ ಕುತ್ತಿಗೆ ನೀಳ ಮಾಡಿ, ಎಲೆಗಳ ನಡುವೆ ಗೇಣುದ್ದ ಕಾಂಡ ಬಿಟ್ಟುಕೊಂಡು ಬೆಳೆಯುತ್ತದೆ. ‘ನೋಡಿ, ಜಾಗ ಬದಲಿಸಿದ ಮೇಲೆ ಎಷ್ಟು ಉದ್ದ ಆಯ್ತು’ ಎಂದು ಆ ಪಕ್ಷದವರು ಬೀಗುತ್ತಾರೆ.

ವಿವಾದಕ್ಕೆ ತೀರ್ಪು ಸಿಗುವುದು ಮೂರನೆಯದಾದ ಪ್ರತ್ಯಕ್ಷಪ್ರಮಾಣದಿಂದ. ತಳದ ಒಂದು ಎಲೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿ ನೋಡಬೇಕು. ಬಾಯಾರಿದ ಎಲೆ ತೆಳ್ಳಗೆ, ಬಾಗುವ ಹಾಗೆ ಇರುತ್ತದೆ, ಆದರೆ ಕಾಂಡವನ್ನು ಬಿಡುವುದಿಲ್ಲ. ಕೊಳೆತ ಎಲೆ ಪಿಚ್ಚೆಂದು ಕುಸಿದು ಬೆರಳಿಗೆ ಲೋಳೆ ಹತ್ತಿಸುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಕಾಂಡದ ಮೇಲೆ ಕಂದು ಕಲೆ ಉಳಿದು, ಅಲ್ಲಿಂದ ಕೆಳಗೆ ಕಾಂಡ ಕಪ್ಪಾಗಿರುತ್ತದೆ. ಮೂಗು ಹತ್ತಿರ ತಂದರೆ ಹಳೆಯ ನೀರಿನ ನಾತ. ಇದರ ಜೊತೆಗೆ ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ಬುಡದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಒದ್ದೆ ಮಣ್ಣು ಅಂಟಿ ಬಂದರೆ ಜಲಪಕ್ಷಕ್ಕೆ ಸೋಲು. ದೇವರ ಮನೆಯಲ್ಲಿ ಇಷ್ಟು ಅಗ್ಗದ ಉಪಕರಣ ಇರುವಾಗ ಆನ್‌ಲೈನಿನಲ್ಲಿ ತೇವಮಾಪಕ ತರಿಸುವುದು ನಾಸ್ತಿಕತೆ.

ಎಲೆಯನ್ನು ತಿಂದು ನೋಡುವ ರುಚಿಪರೀಕ್ಷೆಗೂ ಪರಂಪರೆಯುಂಟು. ಟಿಪ್ಪುವಿನ ಪತನದ ನಂತರ ಕಂಪನಿಯ ಪರವಾಗಿ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬಾತ 1813ರಲ್ಲಿ ಒಂದು ಪತ್ರ ಬರೆದ. ನಾವು ಕಾಡುಬಸಳೆ ಎನ್ನುವ ಗಿಡದ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂಬುದು ಅವನ ವರದಿ. ಕಾರಣ ತಿಳಿದದ್ದು ಬಹಳ ಮುಂದೆ. ಈ ಕುಲದ ಗಿಡಗಳು ರಾತ್ರಿ ಪಾಳಿಯ ಟೆಕ್ಕಿಗಳು. ಹಗಲಿಡೀ ಪತ್ರರಂಧ್ರದ ಬಾಗಿಲು ಹಾಕಿಕೊಂಡಿದ್ದು, ಕತ್ತಲಾದ ಮೇಲೆ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದು, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಹಗಲು ಬಾಗಿಲು ಮುಚ್ಚಿಯೇ ಅದನ್ನು ಕರಗಿಸಿ ಅಡುಗೆ ಮಾಡಿಕೊಳ್ಳುತ್ತವೆ. ಬಿಸಿಲಲ್ಲಿ ಬಾಗಿಲು ತೆರೆಯದ ಮೇಲೆ ನೀರು ಆವಿಯಾಗಿ ಹೋಗುವುದೂ ಅತ್ಯಲ್ಪ. ಅಂದಮೇಲೆ ನಾವು ದಿನಾ ಸುರಿಯುವ ಲೋಟದ ಗತಿ? ಎಲೆ ಕುಡಿಯುವಷ್ಟು ಕುಡಿದು, ಕೋಶಗಳು ಬಿರಿದು, ಮೈಮೇಲೆ ತೊಗಟೆಯ ಹಾಗೆ ಒರಟು ಗುಳ್ಳೆ ಏಳಿಸಿಕೊಳ್ಳುತ್ತದೆ. ಮಿಕ್ಕಿದ್ದು ಬೇರಿನ ಸುತ್ತ ನಿಂತು, ಗಾಳಿಯನ್ನು ಹೊರದಬ್ಬಿ, ಶಿಲೀಂಧ್ರಗಳಿಗೆ ಆಹ್ವಾನ ಕಳಿಸುತ್ತದೆ. ಹೇನ್ ಸಾಹೇಬನ ರುಚಿಪರೀಕ್ಷೆಯನ್ನು ಮಾತ್ರ ಯಾರೂ ಮನೆಯಲ್ಲಿ ಮುಂದುವರಿಸಬಾರದು. ಸಕ್ಯುಲೆಂಟುಗಳಲ್ಲಿ ಕಳ್ಳಿಯ ಬಂಧುಗಳೂ ಇದ್ದಾರೆ, ಅವರ ಹಾಲು ಬಾಯಿಗೂ ಕಣ್ಣಿಗೂ ಒಳ್ಳೆಯದಲ್ಲ.

ಇನ್ನೊಂದು ಪ್ರಮಾಣ ಬಾಕಿಯಿದೆ, ಕುಂಡಮೀಮಾಂಸೆಯ ಹೃದಯವೇ ಅದು. ಇರುವುದನ್ನು ಕಣ್ಣು ತೋರಿಸುತ್ತದೆ, ಇಲ್ಲದ್ದನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಕುಮಾರಿಲ ಭಟ್ಟನ ಅನುಯಾಯಿಗಳು ಅನುಪಲಬ್ಧಿ ಎಂಬ ಆರನೇ ಪ್ರಮಾಣವನ್ನು ಒಪ್ಪಿದರು. ಅವರ ಪ್ರಸಿದ್ಧ ಉದಾಹರಣೆ, ‘ನೆಲದ ಮೇಲೆ ಘಟವಿಲ್ಲ’. ಶತಮಾನಗಳಿಂದ ತರ್ಕಶಾಲೆಗಳು ಘಟ ಇದೆಯೋ ಇಲ್ಲವೋ ಎಂದು ಚರ್ಚಿಸಿದವೇ ಹೊರತು ಆ ಘಟವನ್ನು ತಲೆಕೆಳಗು ಮಾಡಿ ತಳ ನೋಡಲಿಲ್ಲ. ಗ್ರಂಥಕರ್ತನ ಸಿದ್ಧಾಂತ ಇಲ್ಲಿದೆ: ಘಟದಲ್ಲಿ ತೂತಿಲ್ಲ. ಗೊಂಬೆಮುಖದ ಪಿಂಗಾಣಿ ಕಪ್ಪು, ಗಾಜಿನ ಬಟ್ಟಲು, ಹಿತ್ತಾಳೆಯ ಪುಟ್ಟ ಉರುಳಿ, ಎಲ್ಲವನ್ನೂ ಮಗುಚಿ ನೋಡಿ. ತೂತಿನ ಅಭಾವ ತತ್‌ಕ್ಷಣ ಉಪಲಬ್ಧವಾಗುತ್ತದೆ. ಮೇಲೆ ಗೋಂದು ಹಾಕಿ ಅಂಟಿಸಿದ ಬಿಳಿ ಕಲ್ಲುಗಳು ಬೇರೆ, ಒಳಗಿನ ಕೆಸರು ಕಾಣದಂತೆ ಮಾನ ಮುಚ್ಚುತ್ತವೆ. ‘ತಳದಲ್ಲಿ ಜಲ್ಲಿ ಹಾಕಿದ್ದೇವಲ್ಲ’ ಎಂಬುದು ಪೂರ್ವಪಕ್ಷಿಯ ಕೊನೆಯ ಬಾಣ. ನುಣ್ಣನೆಯ ಮಣ್ಣು ತಾನು ಪೂರ್ತಿ ತೊಯ್ದು ತುಂಬುವವರೆಗೂ ಕೆಳಗಿನ ಜಲ್ಲಿಗೆ ನೀರು ಬಿಟ್ಟುಕೊಡುವುದಿಲ್ಲ. ಜಲ್ಲಿಯಿಂದ ಆಗುವುದು, ಆ ಒದ್ದೆ ಪದರ ಇನ್ನಷ್ಟು ಮೇಲೇರಿ ಬೇರಿಗೆ ಹತ್ತಿರವಾಗುವುದು ಮಾತ್ರ. ಬಾಣ ಬಿಟ್ಟವನಿಗೇ ತಿರುಗಿತು.

ಚಿಕಿತ್ಸಾಸ್ಥಾನವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಮಾಡಬೇಕಾದದ್ದು ಕಡಿಮೆ, ಮಾಡದೆ ಕೈಕಟ್ಟಿ ಕೂರಬೇಕಾದದ್ದು ಹೆಚ್ಚು. ಕಫಪೀಡಿತ ಗಿಡವನ್ನು ಕುಂಡದಿಂದ ಕಿತ್ತು, ಹಳೆಯ ಮಣ್ಣನ್ನೆಲ್ಲ ಉದುರಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಕಪ್ಪಾದ ಬೇರು, ಕಾಂಡಗಳನ್ನು ಸವರಿ ತೆಗೆಯಬೇಕು. ಕೊಯ್ದ ಮುಖದಲ್ಲಿ ಕಂದು ಚುಕ್ಕೆಯೂ ಉಳಿಯಬಾರದು. ಆಮೇಲೆ ನೆರಳಲ್ಲಿ, ಬರಿಯ ನ್ಯೂಸ್‌ಪೇಪರಿನ ಮೇಲೆ, ಗಾಯ ಒಣಗಿ ಗಟ್ಟಿಯಾಗುವವರೆಗೆ ಕೆಲವು ದಿನ ಮಲಗಿಸುವುದು. ಈ ಅವಧಿಯಲ್ಲಿ ಅತ್ತೆಯವರನ್ನು ಊರಿಗೆ ಕಳಿಸಿದರೆ ಕ್ಷೇಮ. ತೂತುಳ್ಳ ಮಣ್ಣಿನ ಕುಂಡದಲ್ಲಿ ಅರ್ಧದಷ್ಟು ದಪ್ಪ ಮರಳು, ಪರ್ಲೈಟ್ ಅಥವಾ ಇಟ್ಟಿಗೆ ಚೂರು, ಉಳಿದದ್ದಕ್ಕೆ ಕೆಂಪುಮಣ್ಣು, ಚೂರು ಹಳೆಯ ಗೊಬ್ಬರ ಬೆರೆಸಿ ನೆಟ್ಟು, ಒಂದು ವಾರ ನೀರಿನ ಹೆಸರೆತ್ತಬಾರದು. ಬರೀ ಕೋಕೋಪೀಟ್ ತುಂಬಿ ಕೊಟ್ಟಿದ್ದರೆ ಅದನ್ನು ಸೇವಂತಿಗೆಗೆ ದಾನ ಮಾಡಿ.

ವಾತಕ್ಕೆ ಒಂದು ಸಲ ತುಂಬು ನೀರು, ಎಲೆ ತಾನೇ ಉಬ್ಬುತ್ತದೆ. ಪಿತ್ತದ ಮಚ್ಚೆ ಮಾಯುವುದಿಲ್ಲ, ಆ ಎಲೆ ಮುಪ್ಪಾಗಿ ಉದುರುವವರೆಗೂ ಇದ್ದೇ ಇರುತ್ತದೆ. ಮುಂದಿನ ಸಲ ಒಳಗಿದ್ದ ಗಿಡವನ್ನು ಏಕಾಏಕಿ ತಾರಸಿಯ ಬಿಸಿಲಿಗೆ ನೂಕದೆ, ಬೆಳಗಿನ ಎಳೆಬಿಸಿಲಿನಿಂದ ರೂಢಿಸಿ. ಕುತ್ತಿಗೆ ನೀಳವಾದದ್ದು ಮತ್ತೆ ಕುಗ್ಗದು. ಶಿರಚ್ಛೇದವೇ ಮದ್ದು, ಕತ್ತರಿಸಿದ ತಲೆ ಒಣಗಿಸಿ ನೆಟ್ಟರೆ ಬೇರು ಬಿಡುತ್ತದೆ, ಉಳಿದ ಮುಂಡದಲ್ಲೂ ಮರಿಗಳು ಒಡೆಯುತ್ತವೆ. ಎಲೆಗಳ ಸಂದಿಯಲ್ಲಿ ಹತ್ತಿಯ ಎಳೆಯಂಥದ್ದು ಕಂಡು, ಇರುವೆಗಳ ಓಡಾಟವೂ ಇದ್ದರೆ ಅದು ಹಿಟ್ಟು ತಿಗಣೆ. ಕಿವಿ ಒರೆಸುವ ಬಡ್ಸನ್ನು ಸರ್ಜಿಕಲ್ ಸ್ಪಿರಿಟ್ಟಿಗೆ ಅದ್ದಿ ಒಂದೊಂದಾಗಿ ಮುಟ್ಟಿಸಿ, ವಾರ ಬಿಟ್ಟು ಮತ್ತೆ ನೋಡಿ. ಆದರೆ ಎಲೆಯ ಮೇಲಿನ ತೆಳು ಬೂದಿಬಣ್ಣದ ಪುಡಿ ತಿಗಣೆಯಲ್ಲ, ಧೂಳೂ ಅಲ್ಲ, ಗಿಡ ತಾನೇ ಬಳಿದುಕೊಂಡ ಮೇಣ. ದೀಪಾವಳಿ ಸ್ವಚ್ಛತೆಯ ಉತ್ಸಾಹದಲ್ಲಿ ಒದ್ದೆ ಬಟ್ಟೆ ಹಿಡಿದು ಎಲೆ ಒರೆಸಿದ ಮನೆಗಳಲ್ಲಿ ಒರೆಸಿದ ಗುರುತು ಎಲೆಯ ಆಯುಷ್ಯವಿಡೀ ಸಾಕ್ಷಿ ಹೇಳುತ್ತದೆ. ಅಕ್ಕಚ್ಚು, ಹುಳಿಮಜ್ಜಿಗೆ, ಕಾಫಿ ಚರಟಗಳನ್ನು ಕರಿಬೇವಿನ ಗಿಡಕ್ಕೆ ಮೀಸಲಿಡುವುದು.

ಕಡೆಯದಾಗಿ, ಗೃಹಪ್ರವೇಶ, ನಾಮಕರಣಗಳಲ್ಲಿ ಸಕ್ಯುಲೆಂಟನ್ನು ರಿಟರ್ನ್ ಗಿಫ್ಟ್ ಕೊಡುವ ಸಜ್ಜನರಲ್ಲಿ ಗ್ರಂಥಕರ್ತನ ವಿಜ್ಞಾಪನೆ: ಆರ್ಡರ್ ಕೊಡುವ ಮುಂಚೆ ಒಂದು ಕುಂಡವನ್ನು ಮಗುಚಿ ನೋಡಿ. ತೂತಿದ್ದರೆ ಕೊಡಿ. ಇಲ್ಲದಿದ್ದರೆ ಎಂದಿನ ಸ್ಟೀಲ್ ಡಬ್ಬಿಯೇ ಸಾಕು, ಅದಕ್ಕೆ ತೂತಿಲ್ಲದಿದ್ದರೇ ಒಳ್ಳೆಯದು.